ತಟ್ಟೆಯೊಳಗಿನ ನಂಟು
ಕಾರವಾರ, ಅಂಕೋಲೆಗಳ ಖಾನಾವಳಿಯಲ್ಲಿ ರವೆ ಹಚ್ಚಿ ಕರಿದ ಬಂಗಡೆಯನ್ನು ನೀವು ತಿಂದಿರಬಹುದು. ಮುಳ್ಳು ಬಿಡಿಸಿ ಪಾವಿನ ನಡುವೆ ಇಟ್ಟರೆ, ಅದು ಜಪಾನಿನ ‘ಕಾತ್ಸು ಸಾಂಡೊ’ಗೆ, ಅಂದರೆ ಕಟ್ಲೆಟ್ ಸ್ಯಾಂಡ್‌ವಿಚ್ಚಿಗೆ, ಹತ್ತಿರದ ನೆಂಟ. ಅಲ್ಲಿ ರವೆಗೆ ಬದಲು ಬ್ರೆಡ್ಡಿನ ಪುಡಿ, ಮೀನಿಗೆ ಬದಲು ಹೆಚ್ಚಾಗಿ ಹಂದಿಮಾಂಸ.

ವಿಜ್ಞಾನ ಒಂದೇ. ಕಾದ ಎಣ್ಣೆಯಲ್ಲಿ ಹೊರಪದರದ ನೀರು ಆವಿಯಾಗಿ ಹೋಗುತ್ತದೆ; ‘ಚುಂಯ್’ ಸದ್ದು ಅದರದೇ. ಪದರ ಒಣಗಿ ಗರಿಗರಿಯಾಗುತ್ತದೆ, ಒಳಭಾಗ ಮೆದುವಾಗಿ ಬೇಯುತ್ತದೆ. ತಡಮಾಡಿದರೆ ಒಳಗಿನ ತೇವ ಹೊರಗೆ ಬಂದು ಗರಿ ಕೆಡುತ್ತದೆ.

ಹೆಸರಿನಲ್ಲೂ ನಂಟಿದೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು 1543ರಲ್ಲಿ ಜಪಾನ್ ಮುಟ್ಟಿದರು. ನಮ್ಮ ‘ಪಾವ್’, ಜಪಾನೀಯರ ‘ಪಾನ್’ ಎರಡೂ ಅವರ ಮಾತಿನಿಂದಲೇ ಬಂದವು. ಪರದೇಶದ ತಿಂಡಿಗೆ ಮೂಗು ಮುರಿಯುವ ಮುನ್ನ ನಮ್ಮ ತಟ್ಟೆಯನ್ನೊಮ್ಮೆ ನೋಡಿಕೊಳ್ಳೋಣ, ಅಲ್ಲವೇ?