ವಿದ್ಯಾರ್ಥಿಗಳೂ ಮುಕ್ತ ತಂತ್ರಾಂಶವೂ

ಹಾವೇರಿ, ರಾಣೆಬೆನ್ನೂರು ಸೀಮೆಯ ಕೇಳುಗರಿಗೆ ಮುಯ್ಯಾಳಿನ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಗಣಕಯಂತ್ರದ ಲೋಕದಲ್ಲಿ ಮುಕ್ತ ತಂತ್ರಾಂಶವೆಂಬುದೂ ಇಂತಹ ಕೂಡುದುಡಿಮೆಯೇ. ಅದರ ಮೂಲ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1991ರಲ್ಲಿ ಲಿನಕ್ಸನ್ನು ಆರಂಭಿಸಿದ ಲಿನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದರು.

ಇದೇ ತತ್ತ್ವದ ಮೇಲೆ ನಿಂತ ವಿಕಿಪೀಡಿಯ 2003ರಿಂದ ಕನ್ನಡದಲ್ಲಿಯೂ ಇದೆ. 2013ರಿಂದ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು ಪಾಠದ ಅಂಗವಾಗಿ ಇಂತಹ ಕೆಲಸಕ್ಕೆ ಕೈಹಚ್ಚಿದರು. ಮರುವರ್ಷ ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು.

ಆದರೆ ಎಚ್ಚರಿಕೆಯೂ ಬೇಕು. 2011ರಲ್ಲಿ ಪುಣೆಯ ಕಾಲೇಜುಗಳ ನೂರಾರು ವಿದ್ಯಾರ್ಥಿಗಳನ್ನು ಒಮ್ಮೆಗೇ ಇಂಗ್ಲಿಷ್ ವಿಕಿಪೀಡಿಯಕ್ಕೆ ಹಚ್ಚಲಾಯಿತು. ಅನೇಕರು ಬೇರೆಡೆಯಿಂದ ನಕಲಿಳಿಸಿದರು. ಅದನ್ನು ಅಳಿಸುವುದೇ ಹಳಬರಿಗೆ ಕೆಲಸವಾಯಿತು. ಆ ವರ್ಷವೇ ಪ್ರಯೋಗ ನಿಂತುಹೋಯಿತು. ಮುಯ್ಯಿಗೆ ಬಂದ ಆಳು ಬೆಳೆಯನ್ನೇ ತುಳಿದಂತಾಯಿತು.

ಆದುದರಿಂದ ಅಧ್ಯಾಪಕರು ಮೊದಲು ತಾವೇ ಅಲ್ಲಿ ದುಡಿದು, ಅಲ್ಲಿಯ ರೀತಿನೀತಿಗಳನ್ನು ಅರಿಯಬೇಕು. ಬಳಿಕ ನಾಲ್ಕಾರು ವಿದ್ಯಾರ್ಥಿಗಳಿಗೆ ಸಣ್ಣ ಕೆಲಸಗಳನ್ನು ಒಪ್ಪಿಸಬೇಕು. ಬ್ಯಾಡಗಿಯ ಹುಡುಗಿಯೊಬ್ಬಳು ಕಡ್ಡಿ ಮೆಣಸಿನಕಾಯಿಗೂ ಡಬ್ಬಿ ಮೆಣಸಿನಕಾಯಿಗೂ ಇರುವ ಭೇದವನ್ನು ಆಧಾರಸಹಿತ ನಾಲ್ಕು ಸಾಲಿನಲ್ಲಿ ಬರೆದರೂ ಸಾಕು. ಉತ್ತರಪತ್ರಿಕೆಯನ್ನು ಪರೀಕ್ಷಕರೊಬ್ಬರೇ ಓದುತ್ತಾರೆ. ಈ ನಾಲ್ಕು ಸಾಲನ್ನು ನಾಡೇ ಓದೀತು. ಗುರುತಿಲ್ಲದವರು ತಿದ್ದಿದಾಗ ಮುನಿಯದೆ ಕಾರಣ ಕೇಳಿ ಕಲಿಯುವ ಗುಣ ಆ ಹುಡುಗಿಗೆ ಬಂದರೆ, ಅದೇ ನಿಜವಾದ ಉತ್ತೀರ್ಣತೆ.