ಕೋಡಿಯ ಆ ಕಡೆ, ಹಿನ್ನೀರಿನ ಈ ಕಡೆ

ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗದಿಂದ ಬೆಳಗಿನ ಬಸ್ಸು ಹಿಡಿದು ಹೊಸದುರ್ಗಕ್ಕೆ ಬಂದಿರುವ ವಿದ್ಯಾರ್ಥಿಗಳಲ್ಲಿ, ಹಿಂದಿನ ಸಾಲಿನಲ್ಲಿ ಕೂತ ಕೆಲವರು ಆಗಲೇ ಫೋನು ಕೈಗೆತ್ತಿಕೊಂಡಿದ್ದಾರೆ. ಫೋನು ಒಳಗಿಡಿ ಎಂದು ನಾನು ಹೇಳುವುದಿಲ್ಲ. ಇವತ್ತಿನ ವಿಷಯವೇ ಅದು.

ಸಾಮಾಜಿಕ ಜಾಲತಾಣಕ್ಕೆ ಸಹಜವಾಗಿ ಬರೆಯುವುದು, ಮಾತಾಡುವುದು ಹೇಗೆ ಎಂಬುದನ್ನು ಈ ಸಂಕಿರಣ ಚರ್ಚಿಸಬೇಕಾಗಿದೆ. ಪೇಟೆಯಲ್ಲಿ ಇದಕ್ಕೆ ತರಬೇತಿಗಳಿವೆ. ಮೊದಲ ಮೂರು ಸೆಕೆಂಡಿನಲ್ಲಿ ನೋಡುಗರನ್ನು ಹಿಡಿಯಬೇಕು, ಕ್ಯಾಮೆರಾ ನೋಡಿ ನಗಬೇಕು, ನಡುವೆ ಎರಡು ಆಡುಮಾತು ಸೇರಿಸಬೇಕು ಎಂದು ಹೇಳಿಕೊಡುತ್ತಾರೆ. ಕಲಿತವರ ವಿಡಿಯೊಗಳನ್ನು ಸಾಲಾಗಿ ನೋಡಿ. ಎಲ್ಲರೂ ಒಂದೇ ಮನೆಯವರಂತೆ ಕೇಳಿಸುತ್ತಾರೆ. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳುವ ಸಂಗತಿ ನಿಮಗೆ ಎಷ್ಟು ಹತ್ತಿರದಿಂದ ಗೊತ್ತು? ಹೇಳಿದ್ದಕ್ಕೆ ನಾಳೆ ಸಂತೆಯಲ್ಲಿ ಯಾರಾದರೂ ತಡೆದು ಕೇಳಿದರೆ ನಿಂತು ಉತ್ತರ ಕೊಡುತ್ತೀರಾ? ಸಹಜತೆ ಹುಟ್ಟುವುದು ಈ ಎರಡರಿಂದ. ಶೈಲಿ ಆಮೇಲಿನದು.

ಇದಕ್ಕೆ ನಮ್ಮ ಚಿತ್ರದುರ್ಗ ಜಿಲ್ಲೆಯದೇ ಉದಾಹರಣೆ ಇದೆ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿತ್ತು. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟು ಅದಕ್ಕೆ ಮುಂಚೆ ಕೋಡಿ ಹರಿದದ್ದು 1933ರಲ್ಲಿ. ಅಂದರೆ 89 ವರ್ಷ ಈ ಸೀಮೆಯ ಮೂರು ತಲೆಮಾರು ಕೋಡಿಯನ್ನು ಬರೀ ಬಾಯಿಮಾತಿನಲ್ಲಿ ಕೇಳಿದ್ದರು. 130 ಅಡಿ ತುಂಬಿ ವೇದಾವತಿ ಆ ಕಡೆ ಧುಮುಕಿದಾಗ ಹಿರಿಯೂರಿನ ಕಡೆ ಜಾತ್ರೆಯೇ ಆಯಿತು. ಆಗಲೇಬೇಕಿತ್ತು. ಬರದ ನಾಡಿನಲ್ಲಿ ನೀರು ಉಕ್ಕಿ ಹರಿಯುವುದನ್ನು ನೋಡುವುದಕ್ಕಿಂತ ದೊಡ್ಡ ಹಬ್ಬ ಯಾವುದಿದೆ? 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಮುಖ್ಯಮಂತ್ರಿಗಳೇ ಬಂದು ಬಾಗಿನ ಬಿಟ್ಟರು.

2022ರ ಆ ದಿನಗಳಲ್ಲಿ ಜಾಲತಾಣದ ತುಂಬ ಒಂದೇ ನೋಟ ಓಡಾಡಿತು. ಮೇಲಿನಿಂದ ಡ್ರೋನ್, ಕೆಳಗೆ ಬಿಳಿ ನೊರೆ, ಹಿಂದೆ ಸಿನಿಮಾ ಸಂಗೀತ, ನಡುವೆ ದಪ್ಪ ಅಕ್ಷರದಲ್ಲಿ ವರ್ಷಗಳ ಲೆಕ್ಕ. ಕಣ್ಣಿಗೆ ಚೆನ್ನಾಗಿತ್ತು, ನಾನೂ ನೋಡಿದೆ, ನಾಲ್ಕು ಜನಕ್ಕೆ ಕಳಿಸಿದೆ. ಆದರೆ ನಾವಿರುವುದು ಅಣೆಕಟ್ಟಿನ ಈ ಕಡೆ. ಹೊಸದುರ್ಗ ತಾಲ್ಲೂಕಿಗೆ ಅದೇ ನೀರು ಹಿನ್ನೀರಾಗಿ ಬಂತು. ತೋಟಕ್ಕೆ ನುಗ್ಗಿತು, ಹಳ್ಳಿಗಳ ದಾರಿ ಮುಚ್ಚಿತು, ಮನೆಯ ಹೊಸ್ತಿಲ ತನಕ ಬಂದು ನಿಂತಿತು. ಕೋಡಿಯ ಎತ್ತರ ತಗ್ಗಿಸಿ ಎಂಬ ಕೂಗು ಎದ್ದದ್ದು ಇಲ್ಲಿಂದ. ಈ ಕಡೆಯವರು ತೆಗೆದ ವಿಡಿಯೊಗಳೂ ಇದ್ದವು. ಕೈ ನಡುಗಿದಂಥವು, ಗಾಳಿಯ ಸದ್ದಿಗೆ ಅರ್ಧ ಮಾತು ಕೇಳದಂಥವು. ತೆಗೆದವರಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿತ್ತು, ಯಾವ ಬದು ಮುಳುಗಿದೆ ಅಂತ ಗೊತ್ತಿತ್ತು, ಅದರ ಹಿಂದಿನ ಮಳೆಗಾಲದಲ್ಲಿ ನೀರು ಎಲ್ಲಿತ್ತು ಅಂತಲೂ ಗೊತ್ತಿತ್ತು. ಡ್ರೋನಿಗೆ ತೋಟ ಯಾರದು ಅನ್ನುವುದು ಗೊತ್ತಿರಲಿಲ್ಲ.

ಡ್ರೋನ್ ಸುಳ್ಳು, ಫೋನು ನಿಜ ಎಂದು ನೀವು ಬರೆದುಕೊಳ್ಳಬೇಡಿ. ಡ್ರೋನ್ ತೋರಿಸಿದ್ದೂ ನಿಜವೇ. ಹಿರಿಯೂರಿನ ಸಂತೋಷ, ಹೊಸದುರ್ಗದ ಸಂಕಟ ಎರಡೂ ನಿಜ. ಕೊರತೆ ಇದ್ದದ್ದು ಇನ್ನೊಂದು ಕಡೆ. ನಮ್ಮವರೇ ಅನೇಕರು ಹಿನ್ನೀರಿನ ದಂಡೆಯ ಮೇಲೆ ನಿಂತುಕೊಂಡು, ಕಣ್ಣೆದುರಿನ ನೀರು ಬಿಟ್ಟು ಕೋಡಿಯ ಡ್ರೋನ್ ಚಿತ್ರವನ್ನೇ ಹಂಚಿದರು. ಅದಕ್ಕೆ ಹೆಚ್ಚು ಲೈಕ್ ಬರುತ್ತಿತ್ತು. ಜಾಲತಾಣದ ಕೃತಕತೆ ಶುರುವಾಗುವ ಜಾಗ ಇದು. ತಾನು ನೋಡಿದ್ದನ್ನು ಬಿಟ್ಟು, ಓಡುವುದನ್ನು ಹೇಳುವ ಅಭ್ಯಾಸ.

ಈ ಅಭ್ಯಾಸಕ್ಕೆ ಹುಡುಗರನ್ನಷ್ಟೇ ದೂರುವುದು ಸರಿಯಲ್ಲ. ಕಂಪನಿಗಳು ಇದನ್ನು ಲೆಕ್ಕ ಹಾಕಿ ಕಟ್ಟಿವೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಹಣ ಕಾಣಬೇಕಾದರೆ 1000 ಚಂದಾದಾರರ ಜತೆಗೆ ವರ್ಷದಲ್ಲಿ 4000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗ ಈ ಅಂಕಿ ನೋಡಿದ ಮೇಲೆ 'ಕೊನೆವರೆಗೂ ನೋಡಿ, ಬೆಲ್ ಬಟನ್ ಒತ್ತಿ' ಅನ್ನದೆ ಇನ್ನೇನು ಅಂದಾನು? ತಮಾಷೆಯೆಂದರೆ, ಒಂದೇ ಅಚ್ಚಿನ ಸರಕು ಹೆಚ್ಚಾಗಿ ಕಂಪನಿಗೇ ಸಾಕಾಗಿದೆ. ರಾಶಿರಾಶಿಯಾಗಿ ತಯಾರಾಗುವ, ಸ್ವಂತದ್ದೇನೂ ಇಲ್ಲದ ವಿಡಿಯೊಗಳಿಗೆ ಹಣವಿಲ್ಲ ಎಂಬ ತನ್ನ ನಿಯಮವನ್ನು ಯೂಟ್ಯೂಬ್ 2025ರ ಜುಲೈಯಲ್ಲಿ ತಿದ್ದಿ, ಅಂಥವನ್ನು ಅಸಲಿಯಲ್ಲದ ಸರಕು ಎಂದು ಹೆಸರಿಟ್ಟು ಕರೆಯಿತು. ಅಚ್ಚು ಕೊಟ್ಟವರೇ ಅಚ್ಚಿನಿಂದ ಬಂದದ್ದು ಬೇಡ ಅನ್ನುತ್ತಿದ್ದಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಸಹಜ ಅಂದರೆ ತಯಾರಿ ಇಲ್ಲದ್ದು, ಬಾಯಿಗೆ ಬಂದಂತೆ ಮಾತಾಡಿದ್ದು ಎಂದು ಬಹಳ ಜನ ನಂಬಿದ್ದಾರೆ. ಅವರು ಒಂದು ಸಲ ನಮ್ಮ ಸಾಣೇಹಳ್ಳಿಗೆ ಹೋಗಿಬರಲಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳತ್ವದಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ರಂಗತಂಡ ವರ್ಷವರ್ಷವೂ ಹೊಸ ನಾಟಕಗಳನ್ನು ಕಟ್ಟಿಕೊಂಡು ಊರೂರು ಸುತ್ತುತ್ತದೆ. ಆ ಕಲಾವಿದರು ವೇದಿಕೆ ಮೇಲೆ ಪಕ್ಕದ ಮನೆಯವರಂತೆ ಮಾತಾಡುತ್ತಾರೆ. ಹಾಗೆ ಮಾತಾಡಲು ಅವರು ಬೆಳಗಿನಿಂದ ರಾತ್ರಿಯವರೆಗೆ ತಾಲೀಮು ಮಾಡಿರುತ್ತಾರೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ದೇಹಕ್ಕೆ ಇಳಿಸಿಕೊಂಡಿರುತ್ತಾರೆ. ಅವರಿಗೆ ಸಿಗುವ ಇನ್ನೊಂದು ಪಾಠ ನಮಗೆ ಸಿಗುವುದಿಲ್ಲ. ಎದುರಿಗೆ ಜನ ಕೂತಿರುತ್ತಾರೆ. ಮಾತು ಉದ್ದವಾದರೆ ಕೆಮ್ಮುತ್ತಾರೆ, ಎದ್ದು ಹೋಗುತ್ತಾರೆ. ತಟ್ಟಿದರೆ ಇಡೀ ಬಯಲು ರಂಗಮಂದಿರ ಸ್ತಬ್ಧವಾಗುತ್ತದೆ. ಮಾರನೆಯ ಪ್ರದರ್ಶನದಲ್ಲಿ ನಟ ಅದನ್ನು ತಿದ್ದಿಕೊಳ್ಳುತ್ತಾನೆ. ಜಾಲತಾಣದಲ್ಲಿ ನಮಗೆ ಎರಡು ಗಂಟೆ ಬಿಟ್ಟು ಒಂದು ಅಂಕಿ ಕಾಣುತ್ತದೆ. ಎಷ್ಟು ಜನ ನೋಡಿದರು ಎಂದು ಅದು ಹೇಳುತ್ತದೆ, ಯಾರಿಗೆ ಬೇಸರವಾಯಿತು, ಯಾರ ಕಣ್ಣು ತುಂಬಿತು ಎಂದು ಹೇಳುವುದಿಲ್ಲ. ಆದ್ದರಿಂದ ಪೋಸ್ಟ್ ಮಾಡುವ ಮುಂಚೆ ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ. ಅಜ್ಜಿಯಾದರೆ ಒಳ್ಳೆಯದು. ಅಜ್ಜಿ 'ಏನಂದೆ?' ಅಂತ ಕೇಳಿದ ಕಡೆಯೆಲ್ಲ ನಿಮ್ಮ ಬರಹ ಬೇರೆ ಯಾರದೋ ಬಾಯಿಯಿಂದ ಬಂದಿರುತ್ತದೆ.

ಪಾತ್ರ ಹಾಕಿಕೊಂಡು ಮಾತಾಡುವುದು ಮೋಸವೇ ಎಂದು ಈ ಸಂಕಿರಣದ ಪ್ರಬಂಧಕಾರರೊಬ್ಬರು ಕೇಳಿದ್ದಾರಂತೆ. ಒಳ್ಳೆಯ ಪ್ರಶ್ನೆ. ಬೆಂಗಳೂರು ಆಕಾಶವಾಣಿಯ ಎ.ಎಸ್. ಮೂರ್ತಿಯವರನ್ನು ನೆನೆಸಿಕೊಳ್ಳಿ. 'ಈರಣ್ಣ'ನ ಪಾತ್ರ ಎಷ್ಟು ಮನೆಮಾತಾಯಿತೆಂದರೆ ಜನ ಅವರನ್ನು ಆಕಾಶವಾಣಿ ಈರಣ್ಣ ಎಂದೇ ಕರೆದರು. ಈರಣ್ಣ ಒಂದು ವೇಷ ಎಂದು ಕೇಳುಗರಿಗೆಲ್ಲ ಗೊತ್ತಿತ್ತು, ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ವೇಷ ತೊಟ್ಟದ್ದು ಕೇಳುಗನಿಗೆ ಗೊತ್ತಿದ್ದರೆ ಅದು ಕಲೆ. ಗೊತ್ತಾಗಬಾರದು ಎಂದು ತೊಟ್ಟರೆ ಅದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ.

ಆ ಕಾನೂನಿನ ವಿಷಯ ಚುಟುಕಾಗಿ. ದುಡ್ಡು ಅಥವಾ ಉಡುಗೊರೆ ಪಡೆದು ಹೊಗಳಿದರೆ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿವೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲೇ ಐಎಸ್ 19000 ಎಂಬ ಮಾನದಂಡ ತಂದಿದೆ. ಹೊಸ ಅಂಗಡಿಯ ಪುಟದಲ್ಲಿ ಒಂದೇ ರಾತ್ರಿಯಲ್ಲಿ ಇಪ್ಪತ್ತು ಜನ 'ಸೂಪರ್ ಅಣ್ಣ, ನಮ್ಮನೆಯವರಿಗೆಲ್ಲ ಇಷ್ಟ ಆಯ್ತು' ಎಂದು ಬರೆದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಬರೆದವರು ಯಾರೆಂದು ಇಡೀ ಬಜಾರಿಗೆ ಗೊತ್ತಿರುತ್ತದೆ. ಸಣ್ಣ ಊರಿನ ದೊಡ್ಡ ಅನುಕೂಲ ಇದು, ನಾವದನ್ನು ಬಳಸಿಕೊಳ್ಳುತ್ತಿಲ್ಲ. ತೆಂಗು, ದಾಳಿಂಬೆ ಮಾರುವ ರೈತ ತನ್ನ ಪುಟದಲ್ಲಿ 'ಈ ಸಲ ಕಾಯಿ ಸಣ್ಣ, ಮಳೆ ಕೈಕೊಟ್ಟಿತು, ರುಚಿಗೇನೂ ಮೋಸವಿಲ್ಲ' ಎಂದು ಬರೆದರೆ ಅದಕ್ಕಿಂತ ಒಳ್ಳೆಯ ಜಾಹೀರಾತನ್ನು ಬೆಂಗಳೂರಿನ ಯಾವ ಕಂಪನಿಯೂ ಬರೆದುಕೊಡಲಾರದು.

ಈಗ ಎಲ್ಲರೂ ಕಾಯುತ್ತಿರುವ ವಿಷಯ, ಕೃತಕ ಬುದ್ಧಿಮತ್ತೆ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂತು. ಮೊದಮೊದಲು ಅದರ ಕನ್ನಡವನ್ನು ಗುರುತು ಹಿಡಿಯುವುದು ಸುಲಭವಿತ್ತು. ತೆಂಗಿನಕಾಯಿಯೂ 'ನಮ್ಮ ಜೀವನದಲ್ಲಿ ಮಹತ್ವದ ಪಾತ್ರ ವಹಿಸುತ್ತಿತ್ತು', ಬಸ್ ನಿಲ್ದಾಣವೂ ವಹಿಸುತ್ತಿತ್ತು. ಈಗ ಕಷ್ಟ. ಹೇಳಿದರೆ 'ಐತೆ', 'ಅಂಗಂತೆ' ಎಂದೂ ಬರೆದುಕೊಡುತ್ತದೆ. ಹಾಗಾಗಿ ಆಡುಮಾತನ್ನೇ ಸಹಜತೆಯ ಗುರುತು ಎಂದು ಇಟ್ಟುಕೊಂಡವರು ಸೋತಹಾಗೆಯೇ. ಆಡುಮಾತು ಊಟದ ಮೇಲೆ ಉದುರಿಸುವ ಉಪ್ಪಲ್ಲ ಎಂಬುದನ್ನು ನಮ್ಮ ಜಿಲ್ಲೆಯ ಒಂದು ಪುಸ್ತಕ ಮೊದಲೇ ತೋರಿಸಿಕೊಟ್ಟಿದೆ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳನ್ನು ಕುರಿತು ಬರೆದ 'ಯೇಗ್ದಾಗೆಲ್ಲಾ ಐತೆ'. ಅದರ ಹೆಸರೇ ಹಳ್ಳಿಯ ಬಾಯಿಯಿಂದ ಎದ್ದುಬಂದದ್ದು. ಆದರೆ ಪುಸ್ತಕ ನಿಂತಿರುವುದು ಆ 'ಐತೆ'ಯ ಮೇಲಲ್ಲ. ಶಾಸ್ತ್ರಿಗಳು ಆ ಸಾಧುವಿನ ಜತೆ ಕೂತಿದ್ದರು, ಉಂಡಿದ್ದರು, ಓಡಾಡಿದ್ದರು, ಅವರು ಹೇಳಿದ್ದನ್ನು ತಮ್ಮ ಜಾಣತನ ಬೆರೆಸದೆ ನಮಗೆ ದಾಟಿಸಿದರು. ಅವರ ಒಡನಾಟ ಇಲ್ಲದಿದ್ದರೆ ಆ ಭಾಷೆ ಬರೀ ವೇಷವಾಗುತ್ತಿತ್ತು.

ಯಂತ್ರದ ಸಹಾಯ ಪಡೆಯಬೇಡಿ ಎಂದು ನಾನು ಹೇಳಲಾರೆ. ಕಾಗುಣಿತ ತಿದ್ದಿಸಿ, ಶೀರ್ಷಿಕೆ ಕೇಳಿ, ಇಂಗ್ಲಿಷಿನ ಸುತ್ತೋಲೆಯ ಅರ್ಥ ಕೇಳಿ. ಆದರೆ ಹಿನ್ನೀರು ಯಾವ ಗಿಡದ ಬುಡದ ತನಕ ಬಂತು ಎಂದು ಅದನ್ನು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತದೆ, ಅದೇ ಅಪಾಯ.

ಕನ್ನಡದಲ್ಲೇ ಮಾತಾಡಿದರೆ ನೋಡುವವರು ಯಾರು ಎಂಬ ಅಳುಕು ನಿಮ್ಮಲ್ಲಿ ಕೆಲವರಿಗಿದೆ. ಯೂಟ್ಯೂಬಿನಲ್ಲಿ ಡಾ. ಬ್ರೋ ಎಂದು ಹೆಸರಾದ ಗಗನ್ ಶ್ರೀನಿವಾಸ್ 'ನಮಸ್ಕಾರ ದೇವ್ರು' ಎನ್ನುತ್ತ ಅಫ್ಘಾನಿಸ್ತಾನದ ಬೀದಿಗಳನ್ನೂ ಕನ್ನಡದಲ್ಲೇ ತೋರಿಸಿದರು. ಭಾಷೆ ಬಾರದ ಊರಿನಲ್ಲಿ ಕೈಸನ್ನೆ ಮಾಡಿ ಚಹಾ ಕುಡಿದು, ಅಲ್ಲಿನವರ ಮನೆಯೊಳಗೆ ಹೋಗಿ ಕೂರುವ ಆ ಕುತೂಹಲ ನಟನೆಯಲ್ಲ, ಅದಕ್ಕೇ ಜನ ಜತೆಗೆ ಹೋದರು. ಇನ್ನೊಂದು ತುದಿಯಲ್ಲಿ ಕಾಸರಗೋಡು ಜಿಲ್ಲೆಯ 'ಭಟ್ ಎನ್ ಭಟ್' ಅಡುಗೆ ಚಾನೆಲ್ ಇದೆ. ಮನೆಯ ತೋಟದಲ್ಲಿ ಬೆಳೆದದ್ದನ್ನು ಕೊಯ್ದು ತಂದು, ತಮ್ಮ ಸೀಮೆಯ ಕನ್ನಡದಲ್ಲೇ ಮಾತಾಡುತ್ತ ಅಡುಗೆ ಮಾಡುತ್ತಾರೆ. ಬೆಂಗಳೂರಿಗೆ ಅರ್ಥವಾಗಲಿ ಎಂದು ಮಾತಿಗೆ ಇಸ್ತ್ರಿ ಹಾಕಲಿಲ್ಲ. ಒಬ್ಬರು ದೂರ ಹೋದರು, ಇನ್ನೊಬ್ಬರು ಅಂಗಳ ಬಿಟ್ಟು ಕದಲಲಿಲ್ಲ. ಇಬ್ಬರನ್ನೂ ನಕಲು ಮಾಡಿದವರ ಚಾನೆಲುಗಳು ಎಷ್ಟೋ ಬಂದು ಹೋಗಿವೆ. ನಕಲಿಗೆ ಸಿಕ್ಕಿದ್ದು ಧಾಟಿ ಮಾತ್ರ.

ಕೊನೆಗೆ ಈ ಸಂಕಿರಣ ನಡೆಸುತ್ತಿರುವವರಲ್ಲಿ ಒಂದು ಕೋರಿಕೆ. ನಾವು ಜಾಲತಾಣಕ್ಕೆ ಹಾಕಿದ್ದು ಅಲ್ಲೇ ಇರುತ್ತದೆ ಎಂದು ನಂಬಿ ಕೂತಿದ್ದೇವೆ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಕನ್ನಡದ ಹಳ್ಳಿಹಳ್ಳಿಗಳ ಹಾಡು, ಹಾಸ್ಯ, ಜಗಳ ಎಲ್ಲವೂ ಒಂದೇ ಏಟಿಗೆ ಕಣ್ಮರೆಯಾದವು. ಬೆಂಗಳೂರಿನಲ್ಲಿ ಹುಟ್ಟಿ ಮೊದಲು ಕನ್ನಡದಲ್ಲೇ ಕಣ್ಬಿಟ್ಟ ಕೂ ಜಾಲತಾಣ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಹಿನ್ನೀರಿನ ದಂಡೆಯ ಹಳ್ಳಿಗಳವರು 2022ರಲ್ಲಿ ತೆಗೆದ ವಿಡಿಯೊಗಳು ಇನ್ನೂ ಅವರ ಹಳೆಯ ಫೋನುಗಳಲ್ಲಿ ಇರಬಹುದು, ವಾಟ್ಸಾಪ್ ಗುಂಪುಗಳಲ್ಲಿ ಇರಬಹುದು. ನಿಮ್ಮ ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ, ಒಪ್ಪಿಗೆ ಪಡೆದು, ಅವನ್ನು ತಂದು ಕಾಲೇಜಿನ ಗ್ರಂಥಾಲಯದಲ್ಲಿ ಇಡಲಿ. ಯಾವ ಊರು, ಯಾವ ದಿನ, ಯಾರು ತೆಗೆದದ್ದು ಎಂದು ಬರೆದಿಡಲಿ. ಹೆಸರು ಬೇಡ ಅಂದವರ ಹೆಸರು ಬೇಡ. ಸಂಗೀತ ಸೇರಿಸುವುದು ಬೇಡ, ಕತ್ತರಿಸುವುದೂ ಬೇಡ. ಹಾಗೆಯೇ ಹಿರಿಯೂರಿನ ಕಾಲೇಜಿನವರು ಕೋಡಿಯ ಕಡೆಯದನ್ನು ಸಂಗ್ರಹಿಸಲಿ. ಆಮೇಲೆ ಎರಡೂ ಕಾಲೇಜಿನ ವಿದ್ಯಾರ್ಥಿಗಳು ಒಂದು ಕಡೆ ಕೂತು ಇವೆರಡನ್ನೂ ಒಟ್ಟಿಗೆ ನೋಡಲಿ. ಮುಂದಿನ ವರ್ಷದ ಸಂಕಿರಣಕ್ಕೆ ಪ್ರಬಂಧಗಳು ಅಲ್ಲಿಂದಲೇ ಬರುತ್ತವೆ, ಆಶಯ ಭಾಷಣಕ್ಕೆ ಕಾಲೇಜಿನ ಹೊರಗಿನವರನ್ನು ಹುಡುಕುವ ತೊಂದರೆ ತಪ್ಪುತ್ತದೆ.