ದಿನಕ್ಕೊಂದು, ರಾತ್ರಿ ಊಟದ ನಂತರ

ಇವತ್ತು ರಾಜಕೀಯ ಬೇಡ. ಒಬ್ಬ ಡಾಕ್ಟರ್ ಬಗ್ಗೆ ಮಾತಾಡೋಣ.

ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಏನಿರುತ್ತೆ? ಮಾತ್ರೆಯ ಹೆಸರು, ಪಕ್ಕದಲ್ಲಿ ‘ದಿನಕ್ಕೊಂದು, ರಾತ್ರಿ ಊಟದ ನಂತರ’. ಕನ್ನಡದಲ್ಲಿ ಒಬ್ಬ ಡಾಕ್ಟರು ಮಕ್ಕಳಿಗೆ ಮಾತ್ರೆ ಬದಲು ಕಥೆ ಬರೆದುಕೊಟ್ಟರು. ಅದೂ ಇಡೀ ವರ್ಷಕ್ಕೆ. ‘ದಿನಕ್ಕೊಂದು ಕಥೆ’ ಅಂದ ಕೂಡಲೇ ಒಂದು ತಲೆಮಾರಿನ ಕನ್ನಡಿಗರ ಮುಖ ಅರಳುತ್ತದೆ. ಬರೆದವರು ಡಾ. ಅನುಪಮಾ ನಿರಂಜನ.

ಹುಟ್ಟಿದ್ದು 1934ರಲ್ಲಿ, ತೀರ್ಥಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಓದಿದರು. ಮದುವೆಯಾದದ್ದು ‘ಚಿರಸ್ಮರಣೆ’ ಬರೆದ ನಿರಂಜನರನ್ನು. ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವೈದ್ಯೆಯಾಗಿ ಕೆಲಸ ಮಾಡಿದರು.

ಅವರು ಬರೆದದ್ದು ಮಕ್ಕಳಿಗಷ್ಟೇ ಅಲ್ಲ. ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ‘ಮಾಧವಿ’ಯಲ್ಲಿ ಮಹಾಭಾರತದ ಒಂದು ಮೂಲೆಯಿಂದ ಯಯಾತಿಯ ಮಗಳನ್ನು ಎತ್ತಿ ತಂದರು. 800 ಕುದುರೆಗಳ ಗುರುದಕ್ಷಿಣೆಗಾಗಿ ರಾಜನಿಂದ ರಾಜನಿಗೆ ಕೈ ಬದಲಾದ ಹೆಣ್ಣು ಅವಳು. ಅವಳಿಗೆ ಏನನ್ನಿಸಿರಬಹುದು ಅಂತ ಕೇಳಿದರು. ಬಸುರಿ ಬಾಣಂತಿಯರಿಗೆ ‘ತಾಯಿ-ಮಗು’, ಬೆಳೆಯುತ್ತಿರುವ ಹುಡುಗಿಯರಿಗೆ ‘ಕೇಳು ಕಿಶೋರಿ’, ಗಂಡ ಹೆಂಡಿರಿಗೆ ‘ದಾಂಪತ್ಯ ದೀಪಿಕೆ’. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯಗಳನ್ನು ನೇರ ಕನ್ನಡದಲ್ಲಿ ಹೇಳಿದರು.

ಈಗ ಕಥೆಗಳಿಗೆ ಬರೋಣ. ತಿಂಗಳಿಗೊಂದರಂತೆ 12 ಸಂಪುಟ, ದಿನಕ್ಕೊಂದರಂತೆ ವರ್ಷಕ್ಕೆ ಸಾಲುವಷ್ಟು ಕಥೆ. ನಾನು ಓದಿದ್ದು ಇಂಜಿನಿಯರಿಂಗ್, ಲೆಕ್ಕ ಹಾಕೋ ಚಟ ಬಿಟ್ಟಿಲ್ಲ. ಸ್ವಲ್ಪ ಯೋಚಿಸಿ. ದಿನಾ ಇಲ್ಲಿ ಕೂತು ನಾಲ್ಕು ನಿಮಿಷ ಮಾತಾಡೋಕೆ ನನ್ನ ಹಿಂದೆ ಒಂದು ತಂಡ ಇದೆ. ಆದರೂ ಮಧ್ಯಾಹ್ನ ಮೂರಾದರೆ ‘ಇವತ್ತೇನು ವಿಷಯ?’ ಅಂತ ತಲೆ ಕೆರೆದುಕೊಳ್ತೀವಿ. ಆಕೆಗೆ ರೋಗಿಗಳಿದ್ದರು, ಇಬ್ಬರು ಹೆಣ್ಣುಮಕ್ಕಳಿದ್ದರು, ಅರ್ಧ ಬರೆದ ಕಾದಂಬರಿಗಳಿದ್ದವು. ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಆ ಸ್ಥಿತಿಯಲ್ಲೂ ನಿರಂಜನರು 25 ಸಂಪುಟಗಳ ‘ವಿಶ್ವಕಥಾಕೋಶ’ ಸಂಪಾದಿಸಿದರು. ಅಂಥಾ ಮನೆ ಅದು! ಇಷ್ಟರ ನಡುವೆ ಕನ್ನಡದ ಮಕ್ಕಳು ಒಂದು ರಾತ್ರಿಯೂ ಕಥೆಯಿಲ್ಲದೆ ಮಲಗಬಾರದು ಅಂತ ಆ ತಾಯಿ ಹಟ ಹಿಡಿದರು.

ಈ ಕೃತಿಗೆ 1978ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಸರಿ. ಆದರೆ ಅನುಪಮಾ ಅಂದ ಕೂಡಲೇ ನಮ್ಮ ಪಂಡಿತರು ಮೊದಲು ಕಾದಂಬರಿ ಅಂತಾರೆ, ಆಮೇಲೆ ವೈದ್ಯಸಾಹಿತ್ಯ, ಕೊನೆಗೆ ‘ಮಕ್ಕಳಿಗೂ ಬರೆದಿದ್ದಾರೆ’. ಆ ‘ಗೂ’ ನೋಡಿ! ಪಂಜೆ ಮಂಗೇಶರಾಯರ ಕಾಲದಿಂದ ನಮ್ಮ ದೊಡ್ಡವರು ಮಕ್ಕಳಿಗಾಗಿ ಬರೆದೇ ಬಂದಿದ್ದಾರೆ. ನಾವು ಮಾತ್ರ ಅದನ್ನು ಊಟದ ಎಲೆಯ ತುದಿಗೆ ಬಡಿಸುವ ಉಪ್ಪಿನಕಾಯಿ ಅಂದುಕೊಂಡಿದ್ದೇವೆ. ಒಬ್ಬ ಓದುಗ ಹುಟ್ಟುವುದು ಎಲ್ಲಿ ಸ್ವಾಮಿ? ಏಳನೇ ವಯಸ್ಸಿನಲ್ಲಿ ಕನ್ನಡದ ಕಥೆ ಕೇಳದ ಮಗು ಇಪ್ಪತ್ತೇಳಕ್ಕೆ ಕುವೆಂಪು ಹಿಡಿಯುತ್ತಾ?

ಇವತ್ತು ನಗರಗಳಲ್ಲಿ ಎಷ್ಟೋ ಮಕ್ಕಳು ಕನ್ನಡ ಚೆನ್ನಾಗಿಯೇ ಮಾತಾಡ್ತಾರೆ. ಅಂಗಡಿ ಬೋರ್ಡು ಓದು ಅಂದರೆ ತಡವರಿಸ್ತಾರೆ. ನಾವು ಶಾಲೆಯನ್ನು ಬೈತೀವಿ, ಸರ್ಕಾರವನ್ನು ಬೈತೀವಿ, ಮೊಬೈಲನ್ನು ಬೈತೀವಿ. ಮಗು ಊಟ ಮಾಡಲಿ ಅಂತ ಆ ಮೊಬೈಲು ಕೈಗೆ ಕೊಟ್ಟವರು ಯಾರು? ನಾವೇ. ಕೊಟ್ಟಮೇಲೆ ನಮ್ಮ ಮೊಬೈಲು ಹಿಡಿದು ಪಕ್ಕದ ಸೋಫಾದಲ್ಲಿ ಕೂತವರೂ ನಾವೇ.

ಆ ಡಾಕ್ಟರ ಚೀಟಿಯನ್ನು ಇನ್ನೊಂದು ಸಲ ಓದಿ. ಔಷಧಿ ಮಗುವಿಗೆ ನಿಜ. ಆದರೆ ಓದು ಬಾರದ ಮಗುವಿಗೆ ಕಥೆ ಹೇಳಲು ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು. ಅಮ್ಮನೇ ಆಗಬೇಕೆಂದಿಲ್ಲ. ಅಪ್ಪ ಕೂರಲಿ, ಅಜ್ಜಿ ತಾತ ಕೂರಲಿ. ದಿನಾ ಹತ್ತು ನಿಮಿಷ ಸಾಕು. ‘ಆಮೇಲೇನಾಯ್ತು?’ ಅಂತ ಮಗು ಕೇಳುತ್ತೆ. ಉತ್ತರ ಗೊತ್ತಿರೋದು ನಿಮಗೆ ಮಾತ್ರ. ಆ ಹತ್ತು ನಿಮಿಷ ನಿಮಗಿಂತ ದೊಡ್ಡ ಮನುಷ್ಯ ಆ ಮಗುವಿನ ಲೋಕದಲ್ಲಿ ಇನ್ನೊಬ್ಬನಿಲ್ಲ.

ಕೊನೆಗೆ ಆ ಡಾಕ್ಟರಿಗೇ ಕ್ಯಾನ್ಸರ್ ಬಂತು. 1991ರಲ್ಲಿ ತೀರಿಕೊಂಡರು. ಆಗಿನ್ನೂ 56 ವರ್ಷ. ಅವರು ಬರೆದುಕೊಟ್ಟ ಚೀಟಿಗೆ ಮಾತ್ರ ಅವಧಿ ಮುಗಿಯುವ ದಿನಾಂಕ ಇಲ್ಲ. ಇವತ್ತು ರಾತ್ರಿ ಈ ಟಿವಿ ಆರಿಸಿ. ಹೌದು, ನಮ್ಮ ಚಾನೆಲ್ಲನ್ನೂ ಸೇರಿಸಿಯೇ ಹೇಳ್ತಿದ್ದೀನಿ. ಒಂದು ಕಥೆ ಹೇಳಿ.